ಕಡಲು ದಾಟಿದ ಮೇಲೆ

ಪವಿತ್ರ ಕುರ್‌ಆನಿನಲ್ಲಿ ಅತಿ ಹೆಚ್ಚು ಬಾರಿ ಹೆಸರಿಸಲಾಗಿರುವ ಪ್ರವಾದಿ ಮೂಸಾ(ಅ). 130ಕ್ಕೂ ಹೆಚ್ಚು ಕಡೆ ಅವರ ಹೆಸರು ಬರುತ್ತದೆ. ಆದರೂ ನಾವು ಮನೆಗಳಲ್ಲಿ, ಮದ್ರಸಾಗಳಲ್ಲಿ ಮಕ್ಕಳಿಗೆ ಹೇಳುವ ಮೂಸಾರ ಕಥೆ ಸಾಮಾನ್ಯವಾಗಿ ಕಡಲ ದಡದಲ್ಲೇ ಮುಗಿದುಬಿಡುತ್ತದೆ. ಪೆಟ್ಟಿಗೆಯಲ್ಲಿ ತೇಲಿಹೋದ ಮಗು, ಹಾವಾದ ಊರುಗೋಲು, ಶರಣಾದ ಮಾಂತ್ರಿಕರು, ಇಬ್ಭಾಗವಾದ ಸಮುದ್ರ, ಮುಳುಗಿದ ಫಿರ್‌ಔನ್. ಮುಹರ್ರಮ್ ಹತ್ತರ ಉಪವಾಸವೂ ಆ ವಿಮೋಚನೆಯ ಕೃತಜ್ಞತೆಯೇ ಆಗಿದೆ. ಪ್ರವಾದಿ(ಸ) ಮದೀನಕ್ಕೆ ಬಂದಾಗ ಅಲ್ಲಿನ ಯಹೂದಿಯರು ಆ ದಿನ ಉಪವಾಸವಿರುವುದನ್ನು ಕಂಡರು. ಮೂಸಾರ ವಿಷಯದಲ್ಲಿ ತಮಗೆ ಹೆಚ್ಚಿನ ಹಕ್ಕಿದೆಯೆಂದು ಹೇಳಿ ತಾವೂ ಉಪವಾಸವಿದ್ದರು, ಅನುಯಾಯಿಗಳಿಗೂ ಹೇಳಿದರು.

ಆದರೆ ಕುರ್‌ಆನ್ ಕಡಲ ದಡದಲ್ಲಿ ನಿಲ್ಲುವುದಿಲ್ಲ. ಅಲ್ ಬಕರಃ, ಅಲ್ ಮಾಇದಃ, ಅಲ್ ಅಅ್‌ರಾಫ್, ತಾಹಾ ಅಧ್ಯಾಯಗಳಲ್ಲಿ ಕಡಲಿನಾಚೆಯ ಬದುಕಿಗೆ ದೊರೆತಿರುವ ಜಾಗ ದೊಡ್ಡದು. ಅಲ್ಲಿ ಬಾಯಾರಿಕೆಯಿದೆ, ಒಂದೇ ಬಗೆಯ ಆಹಾರದ ಬೇಸರವಿದೆ, ನಾಯಕರು ಇಲ್ಲದ ವೇಳೆಯಲ್ಲಿ ಎದ್ದುನಿಂತ ಕರುವಿನ ವಿಗ್ರಹವಿದೆ, ಪವಿತ್ರ ಭೂಮಿಯ ಬಾಗಿಲವರೆಗೆ ಬಂದು ಒಳಹೋಗಲು ಒಲ್ಲೆವೆಂದ ಅಂಜಿಕೆಯಿದೆ, ಆಮೇಲೆ ನಲ್ವತ್ತು ವರ್ಷಗಳ ಅಲೆದಾಟವಿದೆ. ಬದುಕಿನ ಬಹುಭಾಗವನ್ನು ಕಳೆಯಬೇಕಾದದ್ದು ಈ ಎರಡನೆಯ ಭಾಗದಲ್ಲಿ. ಪೀಣ್ಯದ ಕಡೆ ಮೂವತ್ತು ವರ್ಷ ಬಾಳಿದ ನನಗೆ ಇದು ತಫ್ಸೀರ್ ಗ್ರಂಥಗಳಿಂದ ತಿಳಿದದ್ದಕ್ಕಿಂತ ಹೆಚ್ಚಾಗಿ ಸುತ್ತಲಿನ ಜನರಿಂದ ತಿಳಿಯಿತು.

ನನ್ನ ಅಬ್ಬಾ ದಾವಣಗೆರೆಯ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ಗಿರಣಿಯ ಕೂಗು ಕೇಳಿ ಜನ ಏಳುತ್ತಿದ್ದರು, ಊಟಕ್ಕೆ ಕೂರುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಬಾಕಿ ಸಂಬಳದ ಆಸೆಯಲ್ಲಿ ಕೆಲವು ವರ್ಷ ಗೇಟಿನ ಮುಂದೆ ಸುಳಿದಾಡಿ, 90ರ ದಶಕದ ನಡುವಿನಲ್ಲಿ ನಮ್ಮ ಕುಟುಂಬ ಬೆಂಗಳೂರಿಗೆ ಬಂದಿತು. ಹೆಗ್ಗನಹಳ್ಳಿಯ ವಠಾರದಲ್ಲಿ ಒಂದೂವರೆ ಕೋಣೆ. ಮಗ್ಗಗಳ ಮೇಲೆ ಇಪ್ಪತ್ತೆರಡು ವರ್ಷ ದುಡಿದ ಅಬ್ಬಾ, ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ತಮ್ಮ ಮಗನ ವಯಸ್ಸಿನ ಟರ್ನರ್ ಹುಡುಗನ ಕೈಕೆಳಗೆ ಹೆಲ್ಪರ್ ಆಗಿ ಸೇರಿದರು. ಲೇತ್ ಯಂತ್ರದ ಕೆಳಗೆ ಬೀಳುವ ಕಬ್ಬಿಣದ ಸುರುಳಿಗಳನ್ನು ಗುಡಿಸುವುದರಿಂದ ಅವರ ಎರಡನೆಯ ಬದುಕು ಆರಂಭವಾಯಿತು.

ಪೀಣ್ಯವೆಂದರೆ ಇಂತಹ ಎರಡನೆಯ ಬದುಕುಗಳ ಊರು. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಪಕ್ಕದ ಜಾಲಹಳ್ಳಿಯಲ್ಲಿತ್ತು, ಬಿಇಎಲ್ ಕೂಡ ಅಲ್ಲೇ. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಾವಿರಾರು ಸಣ್ಣ ಘಟಕಗಳು ಹುಟ್ಟಿಕೊಂಡವು. ದೊಡ್ಡದು ಎಂದೂ ಅಲುಗದು ಎಂದು ಎಲ್ಲರೂ ನಂಬಿದ್ದರು. ನಾಡಿನ ಮದುಮಕ್ಕಳ ಕೈಗೆಲ್ಲ ಗಡಿಯಾರ ಕಟ್ಟಿದ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನೇ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಅಬ್ಬಾ ಊಟಕ್ಕೆ ಕುಳಿತಾಗ ಹಲವು ಸಲ ದಾವಣಗೆರೆಯ ಮಾತು ತೆಗೆಯುತ್ತಿದ್ದರು. ಅಲ್ಲಿನ ಬೆಣ್ಣೆ ದೋಸೆ, ಸಂಜೆಯ ಮಂಡಕ್ಕಿ-ಮಿರ್ಚಿ. ಅಮ್ಮಿ ಒಮ್ಮೆ ನಗುತ್ತ, "ಮನ್ನ-ಸಲ್ವಾ ಕೊಟ್ಟರೂ ಈರುಳ್ಳಿ ಬೇಡಿದವರ ಹಾಗಾಯಿತಲ್ಲ ನಿಮ್ಮದು" ಎಂದರು. ಅಬ್ಬಾ ನಗಲಿಲ್ಲ. ಮರುದಿನ ಇಶಾ ನಮಾಝಿನ ಬಳಿಕ ಇಮಾಮರ ಬಳಿ ಹೋಗಿ, ಊರನ್ನು ನೆನೆಯುವುದು ಪಾಪವೇ ಎಂದು ಕೇಳಿದರಂತೆ. ಇಮಾಮರು ಪ್ರವಾದಿ(ಸ)ರ ಹಿಜ್ರತ್ತನ್ನು ನೆನಪಿಸಿದರು. ಮಕ್ಕಾದಿಂದ ಹೊರಡುವಾಗ ಅವರು ಆ ಊರನ್ನು ನೋಡಿ, ಅದು ತಮಗೆಷ್ಟು ಪ್ರಿಯವೆಂದೂ, ಜನರು ಹೊರದೂಡದಿದ್ದರೆ ತಾವು ಬಿಟ್ಟುಹೋಗುತ್ತಿರಲಿಲ್ಲವೆಂದೂ ಹೇಳಿದ್ದು ಹದೀಸ್‌ಗಳಲ್ಲಿ ಬಂದಿದೆ.

ಬನೀ ಇಸ್ರಾಈಲರನ್ನು ಕುರ್‌ಆನ್ ಖಂಡಿಸಿದ್ದು ಊರಿನ ನೆನಪಿಗಾಗಿ ಅಲ್ಲ ಎಂಬುದು ಆ ಸೂಕ್ತವನ್ನು (2:61) ನಿಧಾನವಾಗಿ ಓದಿದರೆ ತಿಳಿಯುತ್ತದೆ. ಒಂದೇ ಬಗೆಯ ಆಹಾರವನ್ನು ಸಹಿಸಲಾರೆವು, ಸೊಪ್ಪು, ಸೌತೆ, ಬೇಳೆ, ಈರುಳ್ಳಿ ಬೇಕು ಎಂದು ಅವರು ಮೂಸಾರಲ್ಲಿ ಕೇಳಿದರು. ಉತ್ತಮವಾದುದನ್ನು ಕೊಟ್ಟು ಕೀಳಾದುದನ್ನು ಪಡೆಯುವಿರಾ ಎಂಬುದು ಮೂಸಾ(ಅ)ರ ಪ್ರಶ್ನೆಯಾಗಿತ್ತು. ಈರುಳ್ಳಿ ಹರಾಮ್ ಅಲ್ಲ. ಗಂಡುಮಕ್ಕಳನ್ನು ಕೊಲ್ಲುತ್ತಿದ್ದ ಒಡೆಯನ ನೆಲದ ಅಡುಗೆಮನೆಯಷ್ಟೇ ನೆನಪಿನಲ್ಲಿ ಉಳಿದು, ಆ ಒಡೆಯ ಮರೆತುಹೋಗುವುದು ಅಪಾಯಕಾರಿ. ಅಬ್ಬಾ ಗಿರಣಿಯ ಬಗ್ಗೆ ಮಾತನಾಡುವಾಗ ಹತ್ತಿಯ ಧೂಳು ತುಂಬಿದ ಎದೆಯ ಕೆಮ್ಮನ್ನೂ ಮರೆಯುತ್ತಿರಲಿಲ್ಲ. ಹಾಗಾಗಿ ಅಮ್ಮಿಯ ಹೋಲಿಕೆ ಅವರಿಗೆ ಹೊಂದುವುದಿಲ್ಲವೆಂದೇ ನಾನು ಇಂದಿಗೂ ತಿಳಿದಿದ್ದೇನೆ.

ಆ ಹೋಲಿಕೆ ನೆನಪಾದದ್ದು ಬಹುಕಾಲದ ಮೇಲೆ, ತಂಗಿಯ ಮಗ ಕೆಲಸ ಕಳೆದುಕೊಂಡಾಗ. ಅವನು ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ನಮ್ಮ ಕುಟುಂಬಕ್ಕೆ ಅವನು ಕಡಲು ದಾಟಿದವನಂತೆ ಕಾಣುತ್ತಿದ್ದ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು 70ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ನಗರದ ಕನಸು ಕಂಡಾಗ ನಕ್ಕವರು ಬಹಳ ಮಂದಿ ಇದ್ದರಂತೆ. ಆ ಕನಸಿನ ಗಾಜಿನ ಕಟ್ಟಡವೊಂದರಲ್ಲಿ ಗಿರಣಿ ಕಾರ್ಮಿಕನ ಮೊಮ್ಮಗ ಕುರ್ಚಿ ಪಡೆದಿದ್ದ. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೋ ಕರೆಯಲ್ಲಿ ಆ ಕುರ್ಚಿ ಹೋಯಿತು.

ಆ ವಾರ ಜುಮಾ ಮುಗಿಸಿ ಅವನು ನಮ್ಮ ಮನೆಗೆ ಬಂದ. "ಮಾಮೂ, ನನ್ನ ಜೊತೆಗಿದ್ದವರೆಲ್ಲ ಬಡ್ಡಿ ಸಾಲ ಮಾಡಿ ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ಕೊಂಡರು. ನಾನು ಅಲ್ಲಾಹನಿಗೆ ಹೆದರಿ ಬಾಡಿಗೆ ಮನೆಯಲ್ಲೇ ಉಳಿದೆ. ಮೀಟಿಂಗಿನ ನಡುವೆ ಎದ್ದು ಹೋಗಿ ಅಸರ್ ಮಾಡಿದ್ದೇನೆ. ಅವರ ಕೆಲಸ ಉಳಿಯಿತು, ನನ್ನದು ಹೋಯಿತು. ಇದನ್ನು ಹೇಗೆ ತಿಳಿಯಲಿ, ಹೇಳಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾಗದ ಕಾರಕೂನನ ಗೊಂದಲವಿತ್ತು.

ಇಂತಹ ಸಂದರ್ಭದಲ್ಲಿ ಇದು ಪರೀಕ್ಷೆ, ತಾಳ್ಮೆಯಿಂದಿರು ಎಂದು ಹೇಳಿ ಚಹಾ ಕೊಟ್ಟು ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಮಾತು ಸುಳ್ಳಲ್ಲ, ಆದರೆ ಕೇಳಿದವನಿಗೆ ಅದು ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಅಂದು ನಾವಿಬ್ಬರೂ ಮುಸ್‌ಹಫ್ ತೆರೆದು ಕಡಲಿನಾಚೆಯ ಘಟನೆಗಳನ್ನು ಒಂದೊಂದಾಗಿ ನೋಡುತ್ತ ಹೋದೆವು. ಅವನ ಪ್ರಶ್ನೆ ಹೊಸದಲ್ಲ ಎಂಬುದು ಮೊದಲು ಕಂಡಿತು. ನೀವು ಬರುವ ಮೊದಲೂ ಪೀಡಿಸಲ್ಪಟ್ಟೆವು, ಬಂದ ಮೇಲೂ ಪೀಡಿಸಲ್ಪಡುತ್ತಿದ್ದೇವೆ ಎಂದು ಆ ಜನರು ಮೂಸಾರಿಗೆ ಹೇಳಿದ್ದನ್ನು ಅಲ್ ಅಅ್‌ರಾಫ್ ಅಧ್ಯಾಯ (7:129) ದಾಖಲಿಸಿದೆ. ಮೂಸಾ(ಅ) ಅವರನ್ನು ಗದರಲಿಲ್ಲ. ನಿಮ್ಮ ಪ್ರಭು ನಿಮ್ಮ ಶತ್ರುವನ್ನು ನಾಶಪಡಿಸಿ ನಿಮ್ಮನ್ನು ಭೂಮಿಯಲ್ಲಿ ಉತ್ತರಾಧಿಕಾರಿಗಳನ್ನಾಗಿ ಮಾಡಬಹುದು, ಆಗ ನೀವು ಹೇಗೆ ವರ್ತಿಸುವಿರೆಂದು ನೋಡಬಹುದು ಎಂಬರ್ಥದ ಉತ್ತರ ಕೊಟ್ಟರು. ಸುಲಭದ ದಿನಗಳ ಭರವಸೆ ಅಲ್ಲಿಲ್ಲ.

ಎರಡನೆಯದು ಬಾಯಾರಿಕೆ. ನಾವು ಮರುಭೂಮಿಯ ಕಷ್ಟವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಅದನ್ನು ಶಿಕ್ಷೆಯೆಂದು ಕರೆಯುತ್ತೇವೆ. ನಲ್ವತ್ತು ವರ್ಷಗಳ ಅಲೆದಾಟ ಒಂದು ನಿರ್ದಿಷ್ಟ ನಿರಾಕರಣೆಯ ಫಲವೆಂದು ಅಲ್ ಮಾಇದಃ ಅಧ್ಯಾಯ (5:20-26) ಸ್ಪಷ್ಟವಾಗಿ ಹೇಳುತ್ತದೆ. ಆದರೆ ಬಾಯಾರಿಕೆಯ ಪ್ರಸಂಗದಲ್ಲಿ (2:60) ಆರೋಪವೇ ಇಲ್ಲ. ಮೂಸಾ(ಅ) ತಮ್ಮ ಜನರಿಗಾಗಿ ನೀರು ಬೇಡಿದರು. ಬಂಡೆಗೆ ಕೋಲಿನಿಂದ ಬಡಿಯಲು ಆಜ್ಞೆಯಾಯಿತು. ಹನ್ನೆರಡು ಒರತೆಗಳು ಚಿಮ್ಮಿದವು. ಅಲ್ಲಾಹನ ಆಜ್ಞೆಯಂತೆಯೇ ಹೊರಟವರಿಗೆ, ಅವನ ಪ್ರವಾದಿಯೇ ಜೊತೆಗಿದ್ದವರಿಗೆ ಬಾಯಾರಿತ್ತು. ಬಾಯಾರಿದ ಮಾತ್ರಕ್ಕೆ ದಾರಿ ತಪ್ಪಿದೆಯೆಂದು ತಿಳಿಯಬೇಕಾಗಿಲ್ಲ. ನನ್ನ ಸೋದರಳಿಯನಿಗೆ ಆ ದಿನ ಹೇಳಲು ನನ್ನಲ್ಲಿದ್ದ ಮಾತು ಇಷ್ಟೇ.

ಆ ಹನ್ನೆರಡು ಒರತೆಗಳ ಬಗ್ಗೆ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿಯೊಂದು ಗೋತ್ರಕ್ಕೂ ತನ್ನ ನೀರಿನ ತಾಣ ಯಾವುದೆಂದು ತಿಳಿದಿತ್ತು ಎಂದು ಕುರ್‌ಆನ್ ವಿಶೇಷವಾಗಿ ತಿಳಿಸುತ್ತದೆ. ನೀರು ಕೊಟ್ಟದ್ದು ಪವಾಡ, ಹಂಚಿದ್ದು ವ್ಯವಸ್ಥೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ವೈಟ್‌ಫೀಲ್ಡ್‌ನ ಬಹುಮಹಡಿ ಕಟ್ಟಡಗಳಿಂದ ಹಿಡಿದು ನಮ್ಮ ಕಡೆಯ ವಠಾರಗಳವರೆಗೆ ಎಲ್ಲರೂ ಟ್ಯಾಂಕರಿಗೆ ಕಾದರು. 2007ರಲ್ಲಿ ನಗರಕ್ಕೆ ಸೇರಿಸಲಾದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರಿಗೆ ಚಾಲನೆ ದೊರೆತದ್ದು ಆ ವರ್ಷದ ಅಕ್ಟೋಬರಿನಲ್ಲಿ. ಆ ಬೇಸಿಗೆಯಲ್ಲಿ ನಮ್ಮ ಬೀದಿಯವರು ಮಾಡಿಕೊಂಡ ಒಪ್ಪಂದ ಸರಳವಾಗಿತ್ತು: ಟ್ಯಾಂಕರ್ ಬಂದರೆ ಮನೆಗೆ ಆರು ಬಿಂದಿಗೆ, ಹಾಸಿಗೆ ಹಿಡಿದವರಿರುವ ಮನೆಗೆ ಎಂಟು. ಜಗಳ ನಡೆಯಲೇ ಇಲ್ಲ ಎನ್ನಲಾರೆ. ಆದರೆ ವುಝೂ ಮಾಡುವಾಗ ಒಂದು ಚೊಂಬಿನಲ್ಲಿ ಮುಗಿಸುವುದನ್ನು, ಹರಿಯುವ ಹೊಳೆಯ ಬಳಿಯಲ್ಲೂ ದುಂದು ಮಾಡಬೇಡಿರೆಂಬ ಪ್ರವಾದಿ ಬೋಧನೆಯನ್ನು, ನಮ್ಮ ಮಕ್ಕಳು ಅಂದು ಕಲಿತದ್ದು ಪುಸ್ತಕದಿಂದಲ್ಲ.

ಸೋದರಳಿಯನ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳಾದ ಮೇಲೆ ಅವನಿಗೆ ಒಂದು ಕೆಲಸ ಬಂತು. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಟ್ಟು ವಾರದ ಲೆಕ್ಕದಲ್ಲಿ ಬಡ್ಡಿ ಕೀಳುವ ಆ್ಯಪ್ ಕಂಪನಿ. ಬಾಕಿದಾರನ ಫೋನಿನಲ್ಲಿರುವ ನಂಬರುಗಳಿಗೆಲ್ಲ ಸಂದೇಶ ಹೋಗುವಂತೆ ಮಾಡುವ ತಂತ್ರಾಂಶವನ್ನು ಸುಧಾರಿಸುವುದು ಅವನ ಹೊಣೆ. ಸಂಬಳ ಹಿಂದಿನದಕ್ಕಿಂತ ಹೆಚ್ಚು. ಉತ್ತರ ಕೊಡಲು ಒಂದು ವಾರ ಸಮಯ. ಮಗಳ ಶಾಲೆಯ ಶುಲ್ಕದ ಎರಡನೇ ಕಂತಿಗೂ ಸರಿಸುಮಾರು ಅಷ್ಟೇ ಸಮಯ ಉಳಿದಿತ್ತು.

ನಿಯಮ ಗೊತ್ತಿಲ್ಲದ ಹುಡುಗನಲ್ಲ ಅವನು. ಗೊತ್ತಿರುವುದನ್ನು ಎಷ್ಟು ದಿನ ಹಿಡಿದುಕೊಳ್ಳಬಹುದು ಎಂಬುದೇ ಅವನ ಕಷ್ಟ. ಇಲ್ಲಿ ನನಗೆ ಕರುವಿನ ಪ್ರಸಂಗ ನೆನಪಾಗುತ್ತದೆ. ಕಷ್ಟದಲ್ಲಿ ಚಿನ್ನ ಅಡವಿಡುವವರನ್ನೆಲ್ಲ ಕರುವಿನ ಆರಾಧಕರಿಗೆ ಹೋಲಿಸಿದ ಭಾಷಣಗಳನ್ನು ಕೇಳಿದ್ದೇನೆ. ಆ ಹೋಲಿಕೆ ನನಗೆ ಹಿಡಿಸುವುದಿಲ್ಲ, ಬಡವರ ಮೇಲೆ ಅದು ಅನ್ಯಾಯವೂ ಹೌದು. ನನ್ನನ್ನು ತಡೆಯುವುದು ಆ ಪ್ರಸಂಗದ ಒಂದು ಸಣ್ಣ ಸಂಖ್ಯೆ. ಮೂಸಾ(ಅ)ರಿಗೆ ನಿಗದಿಯಾದದ್ದು ಮೂವತ್ತು ರಾತ್ರಿಗಳು. ಅಲ್ಲಾಹನು ಅದಕ್ಕೆ ಇನ್ನೂ ಹತ್ತನ್ನು ಸೇರಿಸಿದನು (7:142). ಮರಳಿ ಬಂದ ಮೂಸಾ(ಅ), ಅವಧಿ ನಿಮಗೆ ಅಷ್ಟು ದೀರ್ಘವಾಯಿತೇ ಎಂದು ತಮ್ಮ ಜನರನ್ನು ಕೇಳಿದರು (20:86). ಸೇರಿಸಿದ ಆ ಹತ್ತು ರಾತ್ರಿಗಳಲ್ಲೇ ಜನರ ತಾಳ್ಮೆ ಮುರಿಯಿತೆಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಶತಮಾನಗಳ ದಾಸ್ಯವನ್ನು ಸಹಿಸಿದ ಜನ ಹತ್ತು ರಾತ್ರಿಗಳ ವಿಳಂಬವನ್ನು ಸಹಿಸಲಿಲ್ಲ. ಪೀಣ್ಯದ ಸಂಸಾರಗಳಿಗೆ ಇದು ಅರ್ಥವಾಗುತ್ತದೆ. ಏಳನೇ ತಾರೀಕಿನ ಸಂಬಳ ಹದಿನೇಳಕ್ಕೆ ಬಂದ ತಿಂಗಳು ಮನೆಯೊಳಗೆ ಏನೇನು ಮಾತು ಹುಟ್ಟುತ್ತದೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಅವನು ಆ ಕೆಲಸವನ್ನು ಒಪ್ಪಿಕೊಳ್ಳಲಿಲ್ಲ. ಮರುದಿನವೇ ಇನ್ನೂ ದೊಡ್ಡ ಕೆಲಸ ಹುಡುಕಿಕೊಂಡು ಬಂತು ಎಂದು ಬರೆಯಲು ನನಗೂ ಆಸೆಯಿದೆ. ಇಂತಹ ಕಥೆಗಳು ಸಾಮಾನ್ಯವಾಗಿ ಹಾಗೆಯೇ ಮುಗಿಯುತ್ತವೆ. ಹಾಗಾಗಲಿಲ್ಲ. ಇನ್ನೂ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನ ಹೆಂಡತಿಯ ಎರಡು ಬಳೆಗಳು ಮಾರಾಟವಾದವು, ಮಗಳು ಶಾಲೆ ಬದಲಿಸಿದಳು, ಅವರು ಎಲೆಕ್ಟ್ರಾನಿಕ್ ಸಿಟಿಯ ಮನೆ ಬಿಟ್ಟು ನಮ್ಮ ಬೀದಿಗೆ ಬಂದರು. ಆ ತಿಂಗಳುಗಳಲ್ಲಿ ಅವನು ಹೆಚ್ಚಾಗಿ ಮಾಡುತ್ತಿದ್ದ ದುಆ ಮದ್‌ಯನಿನ ನೆರಳಿನಲ್ಲಿ ಕುಳಿತು ಮೂಸಾ(ಅ) ಮಾಡಿದ್ದು (28:24): ತನ್ನ ಕಡೆಗೆ ಯಾವ ಒಳಿತನ್ನು ಇಳಿಸಿದರೂ ತನಗೆ ಅದರ ಅಗತ್ಯವಿದೆಯೆಂಬ ಬೇಡಿಕೆ. ಮೂಸಾ(ಅ) ಆಗ ಊರು ಬಿಟ್ಟು ಬಂದ, ಕೈಯಲ್ಲಿ ಕೆಲಸವಿಲ್ಲದ ವ್ಯಕ್ತಿ. ನಂತರ ಅವರಿಗೆ ಸಿಕ್ಕಿದ್ದೂ ಗುತ್ತಿಗೆಯ ದುಡಿಮೆಯೇ, ಎಂಟು ವರ್ಷಕ್ಕೆ, ಮನಸ್ಸಿದ್ದರೆ ಹತ್ತಕ್ಕೆ. ವಲಸೆ ಕಾರ್ಮಿಕರ ಬಗ್ಗೆ ನಾವು ಹಗುರವಾಗಿ ಮಾತನಾಡುವಾಗ ಇದು ನೆನಪಿರಬೇಕು.

2020ರಲ್ಲಿ ಆ ಹಗುರವನ್ನು ಕಣ್ಣಾರೆ ನೋಡಿದ್ದೇವೆ. ಮಾರ್ಚ್ 24ರ ರಾತ್ರಿ ದೇಶ ಮುಚ್ಚಿತು, ಪೀಣ್ಯದ ಯಂತ್ರಗಳು ಒಮ್ಮೆಲೇ ಮೌನವಾದವು. ರಮಝಾನ್ ಬಂದಾಗ ಮಸೀದಿಗಳ ಬಾಗಿಲು ಮುಚ್ಚಿತ್ತು. ತರಾವೀಹನ್ನು ಮನೆಮನೆಗಳಲ್ಲಿ ಮಾಡಿದೆವು. ಮೇ ಮೊದಲ ವಾರದಲ್ಲಿ ಹತ್ತಿರದ ಚಿಕ್ಕಬಾಣಾವರದಿಂದ, ಅತ್ತ ಮಾಲೂರಿನಿಂದ ಶ್ರಮಿಕ ರೈಲುಗಳು ಹೊರಟವು. ಅಷ್ಟರಲ್ಲಿ ಕಟ್ಟಡ ನಿರ್ಮಾಣಗಾರರೊಂದಿಗೆ ಸಭೆ ನಡೆಸಿದ ರಾಜ್ಯ ಸರಕಾರ ಮುಂದಿನ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು; ಎಲ್ಲೆಡೆ ಟೀಕೆ ಎದ್ದ ಮೇಲೆ ಎರಡು ದಿನಗಳಲ್ಲಿ ಆ ನಿರ್ಧಾರ ಬದಲಾಯಿತು. ಯಾರನ್ನೂ ಫಿರ್‌ಔನ್ ಎಂದು ಕರೆಯುವ ಅವಸರ ನನಗಿಲ್ಲ. ಆದರೆ ಮೂಸಾ(ಅ) ಅರಮನೆಯಲ್ಲಿ ಮುಂದಿಟ್ಟ ಬೇಡಿಕೆ ಏನಾಗಿತ್ತು? ಈ ಜನರನ್ನು ಹೋಗಲು ಬಿಡು, ಅವರನ್ನು ಹಿಂಸಿಸಬೇಡ ಎಂಬುದೇ ಆಗಿತ್ತಲ್ಲ (20:47). ಇಫ್ತಾರಿನ ಹೊತ್ತಿಗೆ ನಮ್ಮ ಬೀದಿಯ ಹೆಂಗಸರು ಕಟ್ಟಿಕೊಟ್ಟ ಅನ್ನದ ಪೊಟ್ಟಣಗಳನ್ನು ಹಿಡಿದು ನಾವು ತುಮಕೂರು ರಸ್ತೆಯ ಬದಿಗೆ ಹೋಗುತ್ತಿದ್ದೆವು. ಪೊಟ್ಟಣ ಪಡೆದವರಲ್ಲಿ ಕೆಲವರು ಅದನ್ನು ಬಿಚ್ಚಿ ಅರ್ಧವನ್ನು ಮರುದಿನಕ್ಕೆಂದು ಎತ್ತಿಡುತ್ತಿದ್ದರು. ಮನ್ನವನ್ನು ಕೂಡಿಡಬಾರದೆಂಬ ಪಾಠವನ್ನು ಅವರಿಗೆ ಹೇಳುವ ಹಕ್ಕು ನಮಗಿರಲಿಲ್ಲ. ನಾಳೆಯೂ ತಂದುಕೊಡುವುದು ನಮ್ಮ ಕರ್ತವ್ಯವಾಗಿತ್ತು.

ತಲುಪುವುದರ ಬಗ್ಗೆ ಕೊನೆಯದಾಗಿ ಒಂದಿಷ್ಟು. ನಗರದ ಪೂರ್ವಕ್ಕಿರುವ ವೈಟ್‌ಫೀಲ್ಡ್ ಒಂದು ಕಾಲದಲ್ಲಿ ನಿಜಕ್ಕೂ ವಾಗ್ದತ್ತ ಭೂಮಿಯಾಗಿತ್ತು. 1882ರಲ್ಲಿ ಮೈಸೂರಿನ ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ನೀಡಿದರು. ತಮ್ಮದೇ ನೆಲ, ತಮ್ಮದೇ ಬೇಸಾಯ ಎಂಬ ಆಸೆಯಿಂದ ಆ ಜನ ಊರು ಕಟ್ಟಿದರು. ಇಂದು ಅಲ್ಲಿ ಹಳೆಯ ವೃತ್ತಾಕಾರದ ಬೀದಿ, ಬೆರಳೆಣಿಕೆಯ ಹೆಂಚಿನ ಮನೆಗಳು ಉಳಿದಿವೆ. ಸುತ್ತ ಐಟಿ ಗೋಪುರಗಳು. ತಲುಪಿದ ನೆಲವೂ ಕೈಯಲ್ಲಿ ನಿಲ್ಲುವುದಿಲ್ಲ. ಬನೀ ಇಸ್ರಾಈಲರಿಗೂ ಊರಿನೊಳಗೆ ಹೋಗುವಾಗ ತಲೆಬಾಗಿ, ಕ್ಷಮೆ ಬೇಡುತ್ತ ಹೋಗಿರೆಂಬ ಆಜ್ಞೆಯಿತ್ತು (2:58).

ಆ ನೆಲವನ್ನು ಮೂಸಾ(ಅ) ಪ್ರವೇಶಿಸಲೇ ಇಲ್ಲ. ಮರಣ ಸಮೀಪಿಸಿದಾಗ ಅವರು ಪವಿತ್ರ ಭೂಮಿಗೆ ಒಂದು ಕಲ್ಲೆಸೆತದಷ್ಟು ಹತ್ತಿರಕ್ಕೆ ತನ್ನನ್ನು ಒಯ್ಯಬೇಕೆಂದು ಅಲ್ಲಾಹನಲ್ಲಿ ಬೇಡಿದರೆಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ತಾವು ಅಲ್ಲಿದ್ದಿದ್ದರೆ ಕೆಂಪು ದಿಬ್ಬದ ಬಳಿ, ದಾರಿಯ ಬದಿಯಲ್ಲಿರುವ ಅವರ ಸಮಾಧಿಯನ್ನು ತೋರಿಸುತ್ತಿದ್ದೆನೆಂದು ಪ್ರವಾದಿ(ಸ) ಹೇಳಿದ್ದಾರೆ. ಅಲ್ಲಾಹನೊಂದಿಗೆ ನೇರವಾಗಿ ಮಾತನಾಡಿದ ಪ್ರವಾದಿಯ ಸಮಾಧಿ ಇರುವುದು ದಾರಿಯ ಬದಿಯಲ್ಲಿ. ಅದೇ ಮೂಸಾ(ಅ) ಮಿಅ್‌ರಾಜಿನ ರಾತ್ರಿ ನಮ್ಮ ಪ್ರವಾದಿ(ಸ)ರನ್ನು ತಡೆದು, ತಾನು ಬನೀ ಇಸ್ರಾಈಲರನ್ನು ಪರೀಕ್ಷಿಸಿ ನೋಡಿದ್ದೇನೆ, ನಿಮ್ಮ ಸಮುದಾಯಕ್ಕೆ ಐವತ್ತು ಹೊತ್ತಿನ ಭಾರ ತಾಳಲಾಗದು ಎಂದು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದವರು. ಎರಡನೇ ಪಾಳಿಯ ನಡುವೆ ಯಂತ್ರ ನಿಲ್ಲಿಸಿ, ಗ್ರೀಸ್ ಮೆತ್ತಿದ ಕೈ ತೊಳೆದು ಮಗ್ರಿಬ್‌ಗೆ ನಿಲ್ಲುವ ನಮ್ಮ ಹುಡುಗರಿಗೆ ಐದೇ ಹೊತ್ತು ಉಳಿದಿರುವುದರಲ್ಲಿ ಆ ಮರುಭೂಮಿಯ ಅನುಭವದ ಪಾಲಿದೆ.

ಸೋದರಳಿಯ ಈಗ ಹಿಂದಿನ ಸಂಬಳದ ಮುಕ್ಕಾಲು ಭಾಗಕ್ಕೆ ಒಂದು ಚಿಕ್ಕ ಕಂಪನಿಯಲ್ಲಿದ್ದಾನೆ, ಮತ್ತೆ ಎಲೆಕ್ಟ್ರಾನಿಕ್ ಸಿಟಿಯಲ್ಲೇ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟಿನಿಂದ ಓಡುತ್ತಿರುವ ಹಳದಿ ಮಾರ್ಗಕ್ಕೆ ಬದಲಿಸಿ ನಿತ್ಯ ಹೋಗಿಬರುತ್ತಾನೆ.

ಅಬ್ಬಾ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ದಾವಣಗೆರೆಯಲ್ಲೇ ಮಣ್ಣು ಮಾಡಬೇಕೇ ಎಂದು ಬಂಧುಗಳು ಕೇಳಿದ್ದರು. ಬೇಡವೆಂದು ಅವರೇ ಮೊದಲೇ ಹೇಳಿಟ್ಟಿದ್ದರು. ಸತ್ತವನನ್ನು ಹೊತ್ತು ಅಷ್ಟು ದೂರ ಬದುಕಿರುವವರು ಏಕೆ ದಣಿಯಬೇಕು ಎಂಬುದು ಅವರ ಮಾತು. ಅವರ ಕಬರ್ ಇಲ್ಲೇ, ಕಾರ್ಖಾನೆಗಳ ಹಿಂಬದಿಯ ಕಬರಸ್ತಾನದಲ್ಲಿದೆ. ಗೋಡೆಯಾಚೆ ತುಮಕೂರು ರಸ್ತೆ. ದಾವಣಗೆರೆಗೆ ಹೋಗುವ ರಾತ್ರಿ ಬಸ್ಸುಗಳು ಅಲ್ಲಿಂದಲೇ ಹಾದುಹೋಗುತ್ತವೆ.